ಮೊದಲು ವರ್ಷನ್ ಕೇಳಿ: ಲಿನಕ್ಸ್ ಕರ್ನಲ್ ಎಪಿಐಗಳ ಚಾಲ್ತಿ ದಾಖಲೆ ಹುಡುಕುವುದು ಹೇಗೆ

‘ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್ ಸೆಟಪ್_ಟೈಮರ್’.

ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಸೇರಿಸುವ ಮಾಡ್ಯೂಲ್ ಕಂಪೈಲ್ ಮಾಡುವಾಗ ‘ಈ ಹೆಸರಿನ ಫಂಕ್ಷನ್ ಗೊತ್ತಿಲ್ಲ’ ಅನ್ನುವ ಇಂಥ ಸಾಲು ಬಂದರೆ ನಿಮಗೆ ಸಿ ಭಾಷೆ ಬರಲ್ಲ ಅಂತ ಅಲ್ಲ. ನೀವು ಓದಿದ ದಾಖಲೆಗೂ ನಿಮ್ಮ ಮೆಷಿನ್‌ನಲ್ಲಿ ಓಡುತ್ತಿರುವ ಕರ್ನಲ್‌ಗೂ ವಯಸ್ಸಿನ ಅಂತರ ಇದೆ ಅಂತ. ಹೋದ ವರ್ಷದ ತೊಗರಿ ರೇಟು ಹಿಡಿದುಕೊಂಡು ಈ ವರ್ಷ ಎಪಿಎಂಸಿಗೆ ಹೋದ ಹಾಗೆ. ಅಂತರ ಎಷ್ಟಿದೆ, ಅದನ್ನು ಮುಚ್ಚುವುದು ಹೇಗೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಎಪಿಐ ಅಂದರೆ ಬೇರೆ ಕೋಡ್ ಕರೆದು ಬಳಸಲು ಕರ್ನಲ್ ಕೊಡುವ ಫಂಕ್ಷನ್‌ಗಳು. ಹೆಸರುಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳ ಮಾಮೂಲಿ ಇಂಗ್ಲಿಷ್ ಸ್ಪೆಲಿಂಗ್ ಹಾಕಿಕೊಳ್ಳಿ.

ನಾನು ಕಲಬುರಗಿಯ ಸೇಡಂ ರಸ್ತೆಯ ಮನೆಯಲ್ಲಿ ಕೂತು ಚಿಕ್ಕ ಬೋರ್ಡುಗಳಿಗೆ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಬರೆಯುವವಳು. ಬೇಸಿಗೆ ಹತ್ತಿರ ಬಂತು ಅಂದರೆ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬರಲು ಶುರು ಮಾಡುತ್ತಾರೆ. "ಅಕ್ಕಾ, ಪುಸ್ತಕದಾಗ ಹೆಂಗದ ಹಂಗೇ ಬರದೀನ್ರಿ. ಆದ್ರೂ ಕಂಪೈಲ್ ಆಗವಲ್ದು." ಕೋಡ್ ಎಲ್ಲಿಂದ ಬಂತು ಅಂತ ಕೇಳಿದರೆ ಸೀನಿಯರ್ ಕೊಟ್ಟ ಪೆನ್‌ಡ್ರೈವ್. ಆ ಸೀನಿಯರ್‌ಗೆ ಅವನ ಸೀನಿಯರ್ ಕೊಟ್ಟದ್ದು. ಮೂಲ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಒಂದೇ ಪುಸ್ತಕಕ್ಕೆ ಬಂದು ನಿಲ್ಲುತ್ತೇವೆ: ‘ಲಿನಕ್ಸ್ ಡಿವೈಸ್ ಡ್ರೈವರ್ಸ್’, ಮೂರನೇ ಆವೃತ್ತಿ. ಒಳ್ಳೇ ಪುಸ್ತಕ, ಪುಕ್ಕಟೆಯಾಗಿಯೂ ಸಿಗುತ್ತದೆ. ಆದರೆ ಬಂದದ್ದು 2005ರಲ್ಲಿ, ಬರೆದದ್ದು 2.6.10 ಕರ್ನಲ್‌ಗೆ.

ಆಮೇಲೆ ಏನೇನಾಯಿತು ನೋಡಿ. ಡ್ರೈವರ್‌ನ ‘ಫೈಲ್_ಆಪರೇಷನ್ಸ್’ ಒಳಗಿದ್ದ ‘ಐಒಸಿಟಿಎಲ್’ 2.6.36ರಲ್ಲಿ ಹೋಯಿತು, ಉಳಿದದ್ದು ‘ಅನ್‌ಲಾಕ್ಡ್_ಐಒಸಿಟಿಎಲ್’. ‘ಕ್ರಿಯೇಟ್_ಪ್ರಾಕ್_ಎಂಟ್ರಿ’ 3.10ರಲ್ಲಿ ಹೋಯಿತು, ಅದರ ಜಾಗದಲ್ಲಿ ‘ಪ್ರಾಕ್_ಕ್ರಿಯೇಟ್’. ಅದನ್ನು ಕಲಿತು ಸುಧಾರಿಸಿಕೊಳ್ಳುವಷ್ಟರಲ್ಲಿ 5.6 ಬಂತು. ‘ಪ್ರಾಕ್_ಕ್ರಿಯೇಟ್’ಗೆ ಇನ್ನು ಮುಂದೆ ‘ಫೈಲ್_ಆಪರೇಷನ್ಸ್’ ಕೊಡುವಂತಿಲ್ಲ, ‘ಪ್ರಾಕ್_ಆಪ್ಸ್’ ಕೊಡಬೇಕು. ‘ಇನಿಟ್_ಟೈಮರ್’, ‘ಸೆಟಪ್_ಟೈಮರ್’ ಎರಡೂ 4.15ರಲ್ಲಿ ಮಾಯ. ‘ಆಕ್ಸೆಸ್_ಓಕೆ’ಗೆ ಇದ್ದ ಮೂರು ಆರ್ಗ್ಯುಮೆಂಟ್ 5.0ರಲ್ಲಿ ಎರಡಾದವು. ‘ಕ್ಲಾಸ್_ಕ್ರಿಯೇಟ್’ಗೆ ಇದ್ದ ಎರಡು 6.4ರಲ್ಲಿ ಒಂದಾಯಿತು.

ಹಾಗಂತ ಪುಸ್ತಕ ಎಸೆಯಬೇಡಿ. ಇಂಟರಪ್ಟ್ ಅಂದರೇನು, ಲಾಕ್ ಯಾಕೆ ಬೇಕು, ಎಲ್ಲಿ ಕೋಡ್ ನಿದ್ದೆ ಮಾಡಬಾರದು (ಕಾಯುತ್ತಾ ನಿಲ್ಲಬಾರದು) ಅನ್ನುವ ಅಧ್ಯಾಯಗಳು ಈಗಲೂ ಓದಬೇಕಾದವೇ. ಅದರಲ್ಲಿರುವ ಕೋಡನ್ನು ಮಾತ್ರ ನಕಲು ಮಾಡಬೇಡಿ.

ಯಾವುದು ಬದಲಾಗುತ್ತೆ, ಯಾವುದು ಆಗಲ್ಲ

ಕರ್ನಲ್‌ಗೆ ಎರಡು ಬಾಗಿಲು. ಹೊರಗಿನ ಬಾಗಿಲು ಪ್ರೋಗ್ರಾಂಗಳು ಕರ್ನಲ್‌ಗೆ ಕೆಲಸ ಹೇಳುವ ಸಿಸ್ಟಂ ಕಾಲ್‌ಗಳದ್ದು: ‘ಓಪನ್’, ‘ರೀಡ್’, ‘ಎಂಮ್ಯಾಪ್’ ಇತ್ಯಾದಿ. ಇವನ್ನು ನಂಬಿದ ಪ್ರೋಗ್ರಾಂ ಹೊಸ ಕರ್ನಲ್‌ನಲ್ಲಿ ಕೆಡಬಾರದು ಅಂತ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಮೊದಲಿಂದಲೂ ಹಟ ಹಿಡಿದಿದ್ದಾರೆ. ಒಳಗಿನ ಬಾಗಿಲು ಡ್ರೈವರ್‌ಗಳು ಬಳಸುವ ಫಂಕ್ಷನ್‌ಗಳದ್ದು. ಅಲ್ಲಿ ಅಂಥ ಭರವಸೆ ಏನೂ ಇಲ್ಲ. ಇಲ್ಲ ಅಂತ ಕರ್ನಲ್ ಬರೆಯುವವರೇ ಬರೆದಿಟ್ಟಿದ್ದಾರೆ. ಕರ್ನಲ್ ಸೋರ್ಸ್‌ನ ‘ಡಾಕ್ಯುಮೆಂಟೇಷನ್/ಪ್ರಾಸೆಸ್’ ಫೋಲ್ಡರ್‌ನಲ್ಲಿ ‘ಸ್ಟೇಬಲ್-ಎಪಿಐ-ನಾನ್ಸೆನ್ಸ್’ ಅನ್ನುವ ಫೈಲ್ ಇದೆ. ಹೆಸರೇ ಧೋರಣೆ ಹೇಳುತ್ತದೆ, ಅಲ್ವಾ? ಒಂದು ಫಂಕ್ಷನ್ ಬದಲಿಸಿದವರು ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಾವೇ ತಿದ್ದುತ್ತಾರೆ. ತಿದ್ದುವುದು ಕರ್ನಲ್ ಸೋರ್ಸ್ ಒಳಗಿರುವವನ್ನು ಮಾತ್ರ. ನಿಮ್ಮ ಪೆನ್‌ಡ್ರೈವ್‌ನಲ್ಲಿ ಇರುವುದನ್ನು ಯಾರು ತಿದ್ದಬೇಕು?

ಹಾಗಾಗಿ ದಾಖಲೆ ಹುಡುಕುವ ಜಾಗವೂ ಬಾಗಿಲಿನ ಮೇಲೆ ನಿಂತಿದೆ. ಸಿಸ್ಟಂ ಕಾಲ್ ಬಗ್ಗೆ ಬೇಕಿದ್ದರೆ ಮ್ಯಾನ್ ಪೇಜ್ ಅನ್ನುವ ಕೈಪಿಡಿಯ 2ನೇ ವಿಭಾಗ ಸಾಕು. ಪ್ರತಿ ಪೇಜ್‌ನ ಕೊನೇ ಕಡೆ ಅದು ಯಾವ ಲಿನಕ್ಸ್‌ನಿಂದ ಇದೆ ಅಂತ ಇರುತ್ತದೆ. ‘ಓಪನ್‌ಎಟ್2’ ನೋಡಿದರೆ 5.6ರಿಂದ ಅಂತ ಸಿಗುತ್ತದೆ. ನಿಮ್ಮ ಡಿಸ್ಟ್ರೋದ (ಉಬುಂಟು ಥರದ್ದು) ಮ್ಯಾನ್ ಪೇಜ್‌ಗಳೇ ಹಳೇವು ಅನ್ನಿಸಿದರೆ ಮ್ಯಾನ್7 ಸೈಟ್‌ನಲ್ಲಿ ಹೊಸವು ಸಿಗುತ್ತವೆ. ಈ ಬಾಗಿಲಿನಲ್ಲಿ ಇಷ್ಟೇ ಕಷ್ಟ. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಒಳಬಾಗಿಲಿನದು.

ನಿಮ್ಮದು ಯಾವ ಕರ್ನಲ್

‘ಯುನೇಮ್ -ಆರ್’ ಹೊಡೆಯಿರಿ. ಬಂದದ್ದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮೇಲೆ ಅಂಟಿಸಿ. ತಮಾಷೆ ಅಲ್ಲ. ಸರ್ಚ್‌ನಲ್ಲಿ ಏನು ಸಿಕ್ಕರೂ ಮೊದಲು ಆ ಚೀಟಿ ನೋಡಬೇಕು.

ಉಬುಂಟು 22.04 ಹಾಕಿಕೊಂಡವರು ಒಂದು ವಿಷಯ ಗಮನಿಸಿ. ಅದು ಶುರುವಾದದ್ದು 5.15 ಕರ್ನಲ್‌ನಿಂದ. ಆದರೆ ಡೆಸ್ಕ್‌ಟಾಪ್‌ನಲ್ಲಿ ಅಪ್‌ಡೇಟ್ ಆಗುತ್ತಾ ಆಗುತ್ತಾ 6.8ರವರೆಗೆ ಬಂದಿದೆ. "ಮೊನ್ನೆ ತನಕ ಕಂಪೈಲ್ ಆಗ್ತಿತ್ತು ಅಕ್ಕಾ, ನಾನೇನೂ ಮುಟ್ಟಿಲ್ಲ" ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. ನಡುವೆ 6.4 ದಾಟಿದ್ದಾರೆ, ‘ಕ್ಲಾಸ್_ಕ್ರಿಯೇಟ್’ ಮುರಿದಿದೆ.

ರೆಡ್ ಹ್ಯಾಟ್‌ನಲ್ಲಿ ಇನ್ನೊಂದು ಗೋಜಲು. ಅವರ 8ನೇ ಆವೃತ್ತಿಯ ಕರ್ನಲ್ 4.18 ಅಂತ ಹೇಳುತ್ತದೆ. ಆದರೆ ಹೊಸ ಕರ್ನಲ್‌ಗಳಿಂದ ಎಷ್ಟೋ ಬದಲಾವಣೆಗಳನ್ನು ಹಿಂದಕ್ಕೆ ತಂದು ಅದರೊಳಗೆ ಹಾಕಿದ್ದಾರೆ. ಅಲ್ಲಿ ನಂಬರ್ ನೋಡಿ ಎಪಿಐ ಊಹಿಸಿದರೆ ಕೆಟ್ಟಿರಿ. ರಾಸ್ಪ್‌ಬೆರಿ ಪೈ ಥರದ ಬೋರ್ಡುಗಳಿಗೆ ತಮ್ಮದೇ ಸೋರ್ಸ್ ಇರುತ್ತದೆ. ಪೈಗಾದರೆ ‘ಆರ್‌ಪಿಐ-6.6.ವೈ’ ಥರದ ಬ್ರಾಂಚ್‌ಗಳು. ಇಂಥ ಕಡೆಯೆಲ್ಲ ಕೊನೇ ಸಾಕ್ಷಿ ಒಂದೇ: ‘/ಲಿಬ್/ಮಾಡ್ಯೂಲ್ಸ್’ ಒಳಗೆ ನಿಮ್ಮ ವರ್ಷನ್ ಹೆಸರಿನ ಫೋಲ್ಡರ್, ಅದರಲ್ಲಿ ‘ಬಿಲ್ಡ್’ ಅನ್ನುವ ಲಿಂಕ್. ಅದು ತೋರಿಸುವ ಹೆಡರ್‌ಗಳ (ಫಂಕ್ಷನ್‌ಗಳ ರೂಪ ಬರೆದಿಟ್ಟ ಫೈಲ್‌ಗಳ) ಮೇಲೇ ನಿಮ್ಮ ಮಾಡ್ಯೂಲ್ ಕಂಪೈಲ್ ಆಗುವುದು. ಯಾವ ವೆಬ್ ಪೇಜ್ ಏನೇ ಹೇಳಲಿ, ಆ ಹೆಡರ್‌ನಲ್ಲಿ ಫಂಕ್ಷನ್ ಹೇಗಿದೆಯೋ ಹಾಗೇ ಕರೆಯಬೇಕು.

ಸೋರ್ಸ್ ಮನೆಗೆ ತನ್ನಿ

ನನ್ನ ಅಭಿಪ್ರಾಯದಲ್ಲಿ ಕರ್ನಲ್ ಎಪಿಐಗೆ ಇರುವ ನಿಜವಾದ ಚಾಲ್ತಿ ದಾಖಲೆ ಅಂದರೆ ಇತಿಹಾಸದ ಸಮೇತ ಇರುವ ಗಿಟ್ ಸೋರ್ಸ್. ಗಿಟ್ ಅಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿ ಇಡುವ ಸಾಧನ. ಉಳಿದದ್ದೆಲ್ಲ ಅದರ ನೆರಳು. ಅದೂ ಅಲ್ಲದೆ ನಮ್ಮ ಊರಿನ ಮೇ ತಿಂಗಳ ಮಧ್ಯಾಹ್ನ ಗೊತ್ತಲ್ಲ. ಕರೆಂಟ್ ಹೋಯಿತು ಅಂದರೆ ರೌಟರ್ ಸತ್ತಿತು, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿ ಮೇಲೆ ಓಡುತ್ತಿರುತ್ತದೆ. ಡಿಸ್ಕ್‌ನಲ್ಲಿ ಇರುವ ದಾಖಲೆ ಆಗಲೂ ಓದಲು ಸಿಗುತ್ತದೆ.

ಸಮಸ್ಯೆ ಏನು ಅಂದರೆ ಪೂರ್ತಿ ಇತಿಹಾಸ ಕೆಲವು ಜಿಬಿ ಆಗುತ್ತದೆ. ‘ಗಿಟ್ ಕ್ಲೋನ್’ ನಡುವೆ ನೆಟ್ ಕಟ್ ಆದರೆ ಬಿಟ್ಟಲ್ಲಿಂದ ಮುಂದುವರಿಯಲ್ಲ, ಮತ್ತೆ ಮೊದಲಿಂದ. ಇದಕ್ಕೆ ಕರ್ನಲ್ ಡಾಟ್ ಆರ್ಗ್‌ನವರೇ ಉಪಾಯ ಕೊಟ್ಟಿದ್ದಾರೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಲಿನಸ್ ಅವರ ಸೋರ್ಸ್ ಪೂರ್ತಿ ‘ಕ್ಲೋನ್.ಬಂಡಲ್’ ಅನ್ನುವ ಒಂದೇ ಫೈಲ್ ಆಗಿ ಅಲ್ಲಿ ಸಿಗುತ್ತದೆ. ಅದನ್ನು ‘ಡಬ್ಲ್ಯುಗೆಟ್ -ಸಿ’ ಹಾಕಿ ರಾತ್ರಿ ಇಳಿಸಲು ಬಿಡಿ. ನಡುವೆ ನಿಂತರೆ ಅದೇ ಕಮಾಂಡ್ ಮತ್ತೆ ಹೊಡೆಯಿರಿ, ನಿಂತಲ್ಲಿಂದ ಶುರುವಾಗುತ್ತದೆ. ಇಳಿದ ಮೇಲೆ ಆ ಫೈಲ್‌ನಿಂದಲೇ ‘ಗಿಟ್ ಕ್ಲೋನ್’ ಮಾಡಿ, ಒರಿಜಿನ್ ಆಗಿ ನಿಜವಾದ ವಿಳಾಸ ಹಾಕಿ, ‘ಗಿಟ್ ಪುಲ್’ ಕೊಡಿ. ಆಮೇಲೆ ದಿನದಿನದ ಅಪ್‌ಡೇಟ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಆಗುತ್ತದೆ.

ಜಾಗ ಉಳಿಸಲು ‘ಡೆಪ್ತ್ 1’ ಕೊಟ್ಟು ಕ್ಲೋನ್ ಮಾಡುವವರಿದ್ದಾರೆ. ಬೇಡ. ಅದರಲ್ಲಿ ಇತಿಹಾಸ ಬರಲ್ಲ, ನಮಗೆ ಬೇಕಿರುವುದೇ ಅದು. ಇನ್ನು 5.15.ವೈ, 6.1.ವೈ ಥರದ ದೀರ್ಘಾವಧಿ ಬ್ರಾಂಚ್‌ಗಳು ಬೇಕಿದ್ದರೆ ಸ್ಟೇಬಲ್ ಸೋರ್ಸನ್ನು ಇನ್ನೊಂದು ರಿಮೋಟ್ ಆಗಿ ಸೇರಿಸಿಕೊಳ್ಳಿ.

ಒಂದು ವರ್ಷನ್‌ನಲ್ಲಿ ಫೈಲ್ ಹೇಗಿತ್ತು ಅಂತ ನೋಡಲು ಚೆಕೌಟ್ ಮಾಡುತ್ತಾ ಕೂರಬೇಕಿಲ್ಲ.

ಗಿಟ್ ಶೋ ವಿ5.15:ಇನ್‌ಕ್ಲೂಡ್/ಲಿನಕ್ಸ್/ಪ್ರಾಕ್_ಎಫ್‌ಎಸ್.ಎಚ್

ಇಷ್ಟು ಹೊಡೆದರೆ 5.15ರ ಹೆಡರ್ ಎದುರಿಗೆ ಬರುತ್ತದೆ. ನಂಬರ್ ಬದಲಿಸಿ ಇನ್ನೊಂದು ಸಲ ಹೊಡೆದರೆ 6.8ರದ್ದು. ಸೋರ್ಸ್ ಒಳಗೆ ಹೆಸರು ಹುಡುಕುವ ‘ಗಿಟ್ ಗ್ರೆಪ್’ಗೂ ಹೀಗೇ ವರ್ಷನ್ ಕೊಡಬಹುದು. ನಾನು ದಿನಕ್ಕೆ ಜಾಸ್ತಿ ಬಳಸುವ ಕಮಾಂಡ್‌ಗಳು ಇವೆರಡೇ ಇರಬೇಕು.

ಇಷ್ಟೆಲ್ಲ ಇಳಿಸಲು ಜಾಗ ಇಲ್ಲದವರಿಗೆ ಬೂಟ್ಲಿನ್ ಕಂಪನಿಯ ಎಲಿಕ್ಸರ್ ಸೈಟ್ ಇದೆ. ಎಡಗಡೆ ವರ್ಷನ್ ಆರಿಸಿ, ಹೆಸರು ಹುಡುಕಿ. ಎಲ್ಲಿ ಬರೆದಿದ್ದಾರೆ, ಎಲ್ಲೆಲ್ಲಿ ಬಳಸಿದ್ದಾರೆ, ದಾಖಲೆ ಎಲ್ಲಿದೆ ಅಂತ ಬೇರೆಬೇರೆಯಾಗಿ ತೋರಿಸುತ್ತದೆ. ಬಹಳ ಚೆನ್ನಾಗಿದೆ. ತೆರೆದ ತಕ್ಷಣ ತೋರಿಸುವುದು ತೀರಾ ಹೊಸ ವರ್ಷನ್, ಚೀಟಿ ನೋಡಿ ಬದಲಿಸುವುದನ್ನು ಮರೆಯಬೇಡಿ.

ಡಾಕ್ಯುಮೆಂಟೇಷನ್ ಫೋಲ್ಡರ್ ಮತ್ತು ಅದರಾಚೆ

ಕರ್ನಲ್ ಸೋರ್ಸ್ ಒಳಗಿನ ‘ಡಾಕ್ಯುಮೆಂಟೇಷನ್’ ಫೋಲ್ಡರ್‌ನಿಂದಲೇ ಡಾಕ್ಸ್ ಡಾಟ್ ಕರ್ನಲ್ ಡಾಟ್ ಆರ್ಗ್ ಸೈಟ್ ಹುಟ್ಟುವುದು. ಸುಮ್ನೆ ಆ ವಿಳಾಸಕ್ಕೆ ಹೋದರೆ ಕಾಣುವುದು ಈಗ ತಯಾರಾಗುತ್ತಿರುವ ಕರ್ನಲ್‌ನ ದಾಖಲೆ. ನಿಮ್ಮದು 5.15 ಆದರೆ ಅದು ನಿಮಗೆ ಹೆಚ್ಚೇ ಹೊಸದು! ಹಳೇದು ಹೇಗೆ ತೊಂದರೆಯೋ ತೀರಾ ಹೊಸದೂ ಅಷ್ಟೇ ತೊಂದರೆ. ಕರ್ನಲ್ ಡಾಟ್ ಆರ್ಗ್‌ನ ದಾಖಲೆ ವಿಳಾಸದಲ್ಲಿ ‘ಲೇಟೆಸ್ಟ್’ ಅಂತ ಇರುವ ಕಡೆ ‘ವಿ5.15’ ಅಂತ ಹಾಕಿ, ಆ ಕಾಲದ ಪೇಜ್ ತೆರೆಯುತ್ತದೆ.

ಮನೆಯಲ್ಲೇ ತಯಾರಿಸಿಕೊಳ್ಳಲು ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’. ಸ್ಫಿಂಕ್ಸ್ ಅನ್ನುವ ಸಾಧನ ಬೇಕು. ಏನೇನು ಇನ್‌ಸ್ಟಾಲ್ ಮಾಡಬೇಕು ಅಂತ ‘ಸ್ಫಿಂಕ್ಸ್-ಪ್ರೀ-ಇನ್‌ಸ್ಟಾಲ್’ ಸ್ಕ್ರಿಪ್ಟ್ ಹೇಳುತ್ತದೆ. ಪೂರ್ತಿ ತಯಾರಿಗೆ ಬಹಳ ಹೊತ್ತು ಬೇಕು, ಫ್ಯಾನ್ ಜೋರಾಗಿ ಕೂಗುತ್ತದೆ. ‘ಸ್ಫಿಂಕ್ಸ್‌ಡಿರ್ಸ್’ ವೇರಿಯಬಲ್‌ನಲ್ಲಿ ‘ಡ್ರೈವರ್-ಎಪಿಐ’ ಅಂತ ಒಂದೇ ಫೋಲ್ಡರ್ ಕೊಟ್ಟರೆ ಬೇಗ ಮುಗಿಯುತ್ತದೆ.

ಈ ಫೋಲ್ಡರ್‌ನಲ್ಲಿ ಇದೆ ಅಂದಮಾತ್ರಕ್ಕೆ ತಾಜಾ ಅಂತಲ್ಲ. ಕೆಲವು ಫೈಲ್‌ಗಳನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಆ ಫೈಲ್‌ಗೆ ‘ಗಿಟ್ ಲಾಗ್’ ಹೊಡೆದು ಕೊನೇ ಬದಲಾವಣೆ ಏನು ಅಂತ ಓದಿ. ತಾರೀಖು ಹೊಸದಿದ್ದರೂ ಕಾಗುಣಿತ ತಿದ್ದಿದ್ದೋ, ಫೈಲ್ ಜಾಗ ಬದಲಿಸಿದ್ದೋ ಆಗಿದ್ದರೆ ಅದು ಲೆಕ್ಕಕ್ಕಿಲ್ಲ. ವಿಷಯ ತಿದ್ದಿದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಯಾವತ್ತಿನದು ಅನ್ನುವುದೇ ಮುಖ್ಯ.

ಫೈಲ್‌ಗಿಂತ ನಂಬಿಕಸ್ಥ ಅಂದರೆ ಕೋಡ್ ತಲೆ ಮೇಲಿನ ಕಾಮೆಂಟ್. ಒಂದು ಓರೆಗೀಟು, ಎರಡು ನಕ್ಷತ್ರದಿಂದ ಶುರುವಾಗುವ ಕಾಮೆಂಟ್‌ಗಳಿಗೆ ಕರ್ನಲ್-ಡಾಕ್ ಅಂತ ಹೆಸರು. ಆರ್ಗ್ಯುಮೆಂಟ್ ಏನು, ವಾಪಸ್ ಏನು ಬರುತ್ತದೆ ಅಂತ ಅದರಲ್ಲಿ ಇರುತ್ತದೆ. ಅದೃಷ್ಟ ಇದ್ದರೆ ‘ಕಾಂಟೆಕ್ಸ್ಟ್’ ಅಂತ ಒಂದು ಸಾಲೂ ಇರುತ್ತದೆ. ಇಂಟರಪ್ಟ್ ಒಳಗಿಂದ ಕರೆಯಬಹುದಾ, ನಿದ್ದೆ ಮಾಡಬಹುದಾ ಅಂತ ಹೇಳುವ ಸಾಲು ಅದು. ನಾನು ಮೊದಲು ಓದುವುದೇ ಅದನ್ನು. ಆರ್ಗ್ಯುಮೆಂಟ್ ತಪ್ಪಾದರೆ ಕಂಪೈಲರ್ ಬೈಯುತ್ತದೆ. ಕಾಂಟೆಕ್ಸ್ಟ್ ತಪ್ಪಾದರೆ ಡೆಮೊ ದಿನ ಎಕ್ಸ್‌ಟರ್ನಲ್ ಪರೀಕ್ಷಕರ ಎದುರಿಗೇ ಸಿಸ್ಟಂ ಹ್ಯಾಂಗ್ ಆಗುತ್ತದೆ.

ಕಾಮೆಂಟೂ ಸುಳ್ಳು ಹೇಳಬಹುದು. ಸುಳ್ಳು ಹೇಳಲು ಆಗದ ಸಾಲುಗಳು ಫಂಕ್ಷನ್ ಒಳಗೆ ಇವೆ. ‘ಮೈಟ್_ಸ್ಲೀಪ್’ ಅಂತ ಕಂಡರೆ ಆ ಫಂಕ್ಷನ್ ನಿದ್ದೆ ಮಾಡಬಹುದು, ಸ್ಪಿನ್‌ಲಾಕ್ ಹಿಡಿದು ಕರೆಯಬೇಡಿ. ‘ಲಾಕ್‌ಡೆಪ್_ಅಸರ್ಟ್_ಹೆಲ್ಡ್’ ಅಂತ ಕಂಡರೆ ಕರೆಯುವ ಮೊದಲೇ ಆ ಲಾಕ್ ನಿಮ್ಮ ಕೈಯಲ್ಲಿ ಇರಬೇಕು. ಡೀಬಗ್ ಆಯ್ಕೆ ಹಾಕಿದ ಕರ್ನಲ್‌ನಲ್ಲಿ ಇವು ಓಡುವಾಗಲೇ ಪರೀಕ್ಷೆ ಮಾಡುತ್ತವೆ. ತಪ್ಪಿದ್ದರೆ ಲಾಗ್‌ನಲ್ಲಿ ಕಿರುಚುತ್ತವೆ. ಹೀಗಾಗಿ ಹಳೇದಾಗಿ ಸುಮ್ಮನೆ ಉಳಿಯುವ ಸಾಧ್ಯತೆ ಬಹಳ ಕಡಿಮೆ. ‘__ಯೂಸರ್’, ‘__ಐಒಮೆಮ್’, ‘__ಮಸ್ಟ್_ಚೆಕ್’ ಥರದ ಗುರುತುಗಳೂ ಇಂಥವೇ. ಡಿಕ್ಲರೇಷನ್‌ನಲ್ಲಿ ಅವನ್ನು ಹಾದು ಹೋಗಬೇಡಿ, ಓದಿ.

ತೂಕದ ಯಂತ್ರದ ಉದಾಹರಣೆ

ಆಳಂದ ಕಡೆಯ ಒಬ್ಬ ಹುಡುಗ ತೊಗರಿ ಚೀಲ ತೂಗುವ ಪ್ರಾಜೆಕ್ಟ್ ತಂದಿದ್ದ. ಕಪನೂರಿನ ದಾಲ್ ಮಿಲ್ ಒಂದನ್ನು ನೋಡಿ ಬಂದು ಹೊಳೆದ ಯೋಚನೆ. ಲೋಡ್ ಸೆಲ್, ಎಚ್‌ಎಕ್ಸ್711 ಚಿಪ್, ರಾಸ್ಪ್‌ಬೆರಿ ಪೈ. ಚಿಪ್‌ಗೆ ಕ್ಯಾರೆಕ್ಟರ್ ಡ್ರೈವರ್ ತಾನೇ ಬರೆಯುತ್ತಿದ್ದ. ಮಿಲ್ ಬಾಗಿಲಿನ ಲೈಟ್ ಹೊತ್ತಿಸಲು ‘/ಸಿಸ್/ಕ್ಲಾಸ್/ಜಿಪಿಐಒ’ ಒಳಗೆ ಪಿನ್ ನಂಬರ್ 17 ಅಂತ ಬರೆಯುತ್ತಿದ್ದ. ಎರಡೂ ಕೈಕೊಟ್ಟಿದ್ದವು.

ಮೊದಲು ಕೇಳಬೇಕಾದ ಪ್ರಶ್ನೆ ‘ಈ ಎಪಿಐ ಹೇಗೆ ಬಳಸಲಿ’ ಅಂತಲ್ಲ, ‘ಇದು ಆಗಲೇ ಕರ್ನಲ್‌ನಲ್ಲಿ ಇದೆಯಾ’ ಅಂತ. ಚಿಪ್ ಹೆಸರು ಹಾಕಿ ‘ಗಿಟ್ ಗ್ರೆಪ್’ ಮಾಡಿದೆವು. ‘ಡ್ರೈವರ್ಸ್/ಐಐಒ/ಎಡಿಸಿ’ ಒಳಗೆ ಎಚ್‌ಎಕ್ಸ್711 ಡ್ರೈವರ್ ಕೂತಿತ್ತು. ಹೊಸದಾಗಿ ಬರೆಯುವುದೇ ಬೇಕಿಲ್ಲ. ಈಗ ಬೇಕಿದ್ದ ದಾಖಲೆಗಳು ಬೇರೆ. ಬೋರ್ಡ್‌ಗೆ ಚಿಪ್ ಎಲ್ಲಿ ಜೋಡಿಸಿದ್ದೇವೆ ಅಂತ ಹೇಳಲು ‘ಡಾಕ್ಯುಮೆಂಟೇಷನ್/ಡಿವೈಸ್‌ಟ್ರೀ/ಬೈಂಡಿಂಗ್ಸ್’ ಒಳಗೆ ಅದೇ ಚಿಪ್‌ನ ಯಾಮಲ್ ಫೈಲ್. ಕೊನೆಯಲ್ಲಿ ಉದಾಹರಣೆಯೂ ಇರುತ್ತದೆ. ಈ ಫೈಲ್‌ಗಳನ್ನು ಯಂತ್ರವೇ ತಪಾಸಣೆ ಮಾಡುತ್ತದೆ, ಹಾಗಾಗಿ ನನಗೆ ಇವುಗಳ ಮೇಲೆ ನಂಬಿಕೆ ಜಾಸ್ತಿ. ಇನ್ನು ತೂಕದ ಅಂಕಿ ಓದುವ ‘ಇನ್_ವೋಲ್ಟೇಜ್0_ರಾ’ ಅನ್ನುವ ಫೈಲ್‌ನ ಅರ್ಥ ‘ಡಾಕ್ಯುಮೆಂಟೇಷನ್/ಎಬಿಐ’ ಫೋಲ್ಡರ್‌ನಲ್ಲಿ ಸಿಕ್ಕಿತು.

ಎಬಿಐ ಫೋಲ್ಡರ್ ಬಗ್ಗೆ ಒಂದು ಮಾತು. ಅದರೊಳಗೆ ಸ್ಟೇಬಲ್, ಟೆಸ್ಟಿಂಗ್, ಆಬ್ಸೊಲೀಟ್, ರಿಮೂವ್ಡ್ ಅಂತ ನಾಲ್ಕು ಭಾಗ. ಹುಡುಗನ ಜಿಪಿಐಒ ದಾರಿ ಎಲ್ಲಿತ್ತು ಗೊತ್ತಾ? ಆಬ್ಸೊಲೀಟ್‌ನಲ್ಲಿ. 4.8 ಕರ್ನಲ್‌ನಿಂದಲೇ ಅದರ ಬದಲು ಕ್ಯಾರೆಕ್ಟರ್ ಡಿವೈಸ್ ದಾರಿ ಇದೆ, ಅದನ್ನು ಲಿಬ್‌ಜಿಪಿಐಒಡಿ ಮೂಲಕ ಬಳಸುತ್ತಾರೆ. ಹಳೇ ದಾರಿ ಪೂರ್ತಿ ಮುಚ್ಚಿರಲಿಲ್ಲ, ಆದರೆ ಪೈನ 6.6 ಕರ್ನಲ್‌ನಲ್ಲಿ ಪಿನ್‌ಗಳ ಎಣಿಕೆ 512ರಿಂದ ಶುರುವಾಗುತ್ತದೆ. 17 ಅನ್ನುವುದು 529 ಆಗಿತ್ತು. ಯೂಟ್ಯೂಬ್ ವಿಡಿಯೊಗಳಲ್ಲಿ ಇನ್ನೂ 17 ಅಂತಲೇ ಇದೆ.

ಸತ್ತ ಹೆಸರಿನ ವಾರಸುದಾರ ಯಾರು

ಇದು ನನಗೆ ಅತಿ ಇಷ್ಟದ ಭಾಗ. ಫಂಕ್ಷನ್ ಹೋಗಿದೆ ಅಂತ ಗೊತ್ತಾಯಿತು. ಬದಲಿಗೆ ಏನು ಬಂತು, ಯಾಕೆ, ಯಾವಾಗ?

ಗಿಟ್ ಲಾಗ್ -ಎಸ್ ಸೆಟಪ್_ಟೈಮರ್ -- ಇನ್‌ಕ್ಲೂಡ್/ಲಿನಕ್ಸ್/ಟೈಮರ್.ಎಚ್

ಇಲ್ಲಿ ಎಸ್ ದೊಡ್ಡಕ್ಷರ. ಆ ಹೆಸರು ಆ ಫೈಲ್‌ಗೆ ಸೇರಿದ, ಫೈಲ್‌ನಿಂದ ಹೋದ ಕಮಿಟ್‌ಗಳನ್ನು ಇದು ತೋರಿಸುತ್ತದೆ. ಮೇಲಿನಿಂದ ಓದುತ್ತಾ ಬನ್ನಿ. ತೆಗೆದುಹಾಕಿದ ಕಮಿಟ್ ಸಿಕ್ಕಾಗ ಅದರ ನಂಬರ್ ಹಿಡಿದು ‘ಗಿಟ್ ಡಿಸ್ಕ್ರೈಬ್ -ಕಂಟೇನ್ಸ್’ ಕೊಡಿ. ಕಂಟೇನ್ಸ್ ಮುಂದೆ ಎರಡು ಗೀಟು ಬೇಕು. 4.15-ಆರ್‌ಸಿ1 (4.15ರ ಮೊದಲ ಪರೀಕ್ಷಾ ಆವೃತ್ತಿ) ಅಂತ ಉತ್ತರ ಬರುತ್ತದೆ.

ಯಾಕೆ ಅನ್ನುವುದು ಆ ಸರಣಿಯ ಕಮಿಟ್ ಸಂದೇಶಗಳಲ್ಲೇ ಇರುತ್ತದೆ. ಟೈಮರ್ ಸ್ಟ್ರಕ್ಚರ್ ಒಳಗೆ ಕರೆಯಬೇಕಾದ ಫಂಕ್ಷನ್‌ನ ಪಾಯಿಂಟರ್, ಅದಕ್ಕೆ ಕೊಡುವ ಡೇಟಾ ಎರಡೂ ಅಕ್ಕಪಕ್ಕ ಇದ್ದವು. ಪಕ್ಕದ ಮೆಮೊರಿ ಉಕ್ಕಿ ಬಂದರೆ ದಾಳಿ ಮಾಡುವವನಿಗೆ ಯಾವ ಫಂಕ್ಷನ್, ಯಾವ ಆರ್ಗ್ಯುಮೆಂಟ್ ಎರಡನ್ನೂ ಬರೆಯಲು ಆಗುತ್ತಿತ್ತು. ಕರ್ನಲ್ ಸುರಕ್ಷತೆ ಮೇಲೆ ಕೆಲಸ ಮಾಡುವ ಕೀಸ್ ಕುಕ್ ಮುಂದೆ ನಿಂತು ಇಡೀ ಸೋರ್ಸ್‌ನಲ್ಲಿ ಇದನ್ನು ಬದಲಿಸಿದರು. ಹೊಸ ‘ಟೈಮರ್_ಸೆಟಪ್’ನಲ್ಲಿ ಕಾಲ್‌ಬ್ಯಾಕ್‌ಗೆ ಟೈಮರ್‌ನ ಪಾಯಿಂಟರೇ ಬರುತ್ತದೆ. ಅದರಿಂದ ನಿಮ್ಮ ಸ್ಟ್ರಕ್ಚರ್‌ಗೆ ಹೋಗಲು ‘ಫ್ರಮ್_ಟೈಮರ್’ ಮ್ಯಾಕ್ರೊ. ಕಾರಣ ತಿಳಿದರೆ ಹೊಸ ರೂಪ ತಾನಾಗಿ ನೆನಪಿರುತ್ತದೆ.

ಆ ಸರಣಿಯಲ್ಲಿ ಬೇರೆ ಡ್ರೈವರ್‌ಗಳನ್ನು ತಿದ್ದಿದ ಕಮಿಟ್‌ಗಳೂ ಇವೆ. ಹಳೇ ಸಾಲು ಕೆಂಪಲ್ಲಿ, ಹೊಸ ಸಾಲು ಹಸಿರಲ್ಲಿ. ನಿಮ್ಮ ಕೋಡ್‌ಗೆ ಹತ್ತಿರದ ಒಂದು ಚಿಕ್ಕ ಡ್ರೈವರ್ ಆರಿಸಿ, ಅದರಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿ. ಇದಕ್ಕಿಂತ ಒಳ್ಳೇ ಪಾಠ ಎಲ್ಲೂ ಸಿಗಲ್ಲ.

ಕಥೆ 4.15ಕ್ಕೆ ಮುಗಿಯಲ್ಲ. 6.2ರಲ್ಲಿ ‘ಟೈಮರ್_ಡಿಲೀಟ್_ಸಿಂಕ್’ ಬಂತು, ಹಳೇ ‘ಡೆಲ್_ಟೈಮರ್_ಸಿಂಕ್’ 6.15ರಲ್ಲಿ ಹೋಯಿತು. ‘ಫ್ರಮ್_ಟೈಮರ್’ ಕೂಡ 6.16ರಲ್ಲಿ ‘ಟೈಮರ್_ಕಂಟೇನರ್_ಆಫ್’ ಆಯಿತು. ಅಂದರೆ 2018ರಲ್ಲಿ ಯಾರೋ ಹೊಸದು ಅಂತ ಬರೆದ ಪಾಠ ಈಗ ಅದೂ ಹಳೇದು.

ಎಲ್ಲ ಹೆಸರಿಗೂ ವಾರಸುದಾರ ಇರುತ್ತಾನೆ ಅಂತಲ್ಲ. ‘ಕಾಲ್‌ಸಿಮ್ಸ್_ಲುಕಪ್_ನೇಮ್’ 5.7ರಿಂದ ಮಾಡ್ಯೂಲ್‌ಗಳಿಗೆ ಸಿಗುವುದಿಲ್ಲ, ಬೇಕಂತಲೇ ಮುಚ್ಚಿದ್ದಾರೆ. ಫಂಕ್ಷನ್ ಕೋಡ್‌ನಲ್ಲಿ ಇದ್ದರೂ ‘ಎಕ್ಸ್‌ಪೋರ್ಟ್_ಸಿಂಬಲ್’ ಸಾಲು ಇಲ್ಲದಿದ್ದರೆ ನಿಮ್ಮ ಮಾಡ್ಯೂಲ್‌ಗೆ ಅದು ಇಲ್ಲ ಅಂತಲೇ ಲೆಕ್ಕ. ಬಿಲ್ಡ್ ಫೋಲ್ಡರ್‌ನ ‘ಮಾಡ್ಯೂಲ್.ಸಿಮ್‌ವರ್ಸ್’ ಫೈಲ್‌ನಲ್ಲಿ ಹುಡುಕಿದರೆ ಗೊತ್ತಾಗುತ್ತದೆ.

ಬರೆಯಲು ಕೂರುವ ಮೊದಲು ‘ಡಾಕ್ಯುಮೆಂಟೇಷನ್/ಪ್ರಾಸೆಸ್/ಡೆಪ್ರಿಕೇಟೆಡ್’ ಫೈಲ್ ಒಮ್ಮೆ ಓದಿ. ಹೊಸ ಕೋಡ್‌ನಲ್ಲಿ ಬಳಸಬಾರದ್ದರ ಪಟ್ಟಿ, ಕಾರಣದ ಸಮೇತ. ‘ಸಿಂಪಲ್_ಸ್ಟ್ರ್‌ಟೋಲ್’ ಬೇಡ, ‘ಕೆಸ್ಟ್ರ್‌ಟೋಲ್’ ಬಳಸಿ. ‘ಸ್ಟ್ರ್‌ಕಾಪಿ’ ಬೇಡ, ‘ಸ್ಟ್ರ್‌ಎಸ್‌ಕಾಪಿ’ ಬಳಸಿ. ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸಿದರೆ ಇಂಥ ಎಷ್ಟೋ ತಪ್ಪನ್ನು ಅದೇ ಹಿಡಿದುಕೊಡುತ್ತದೆ. ಉದಾಹರಣೆಗೆ ಡ್ರೈವರ್ ಹುಡುಕುವಾಗ ‘ಡ್ರೈವರ್ಸ್/ಸ್ಟೇಜಿಂಗ್’ ಒಳಗಿನದನ್ನು ಮುಟ್ಟಬೇಡಿ. ಇನ್ನೂ ತಿದ್ದಬೇಕಾದ ಕೋಡ್ ಅಂತಲೇ ಅದನ್ನು ಅಲ್ಲಿ ಇಟ್ಟಿರುವುದು.

ಮುಂಚೆಯೇ ತಿಳಿದುಕೊಳ್ಳಲು

ಹೊಸ ಕರ್ನಲ್ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಮೊದಲ ಎರಡು ವಾರ ಮರ್ಜ್ ವಿಂಡೋ, ದೊಡ್ಡ ಬದಲಾವಣೆಗಳೆಲ್ಲ ಆಗಲೇ ಒಳಬರುವುದು. ಎಲ್‌ಡಬ್ಲ್ಯುಎನ್ ಅನ್ನುವ ಲಿನಕ್ಸ್ ಸುದ್ದಿ ಸೈಟ್‌ನಲ್ಲಿ ಪ್ರತಿ ಮರ್ಜ್ ವಿಂಡೋ ಬಗ್ಗೆ ಬರಹ ಬರುತ್ತದೆ. ಅದರಲ್ಲಿ ಒಳಗಿನ ಎಪಿಐ ಬದಲಾವಣೆಗಳನ್ನು ಬೇರೆಯೇ ಪಟ್ಟಿ ಮಾಡಿರುತ್ತಾರೆ. ಚಂದಾದಾರರಿಗೆ ಮೊದಲು, ಉಳಿದವರಿಗೆ ಸ್ವಲ್ಪ ದಿನ ಬಿಟ್ಟು ಪುಕ್ಕಟೆ. ಕರ್ನಲ್ ನ್ಯೂಬೀಸ್ ಸೈಟ್‌ನಲ್ಲೂ ಪ್ರತಿ ವರ್ಷನ್‌ನ ಸಾರಾಂಶ ಸಿಗುತ್ತದೆ. ನಾನು ಎಲ್‌ಡಬ್ಲ್ಯುಎನ್‌ಗೆ ದುಡ್ಡು ಕೊಟ್ಟೇ ಓದುತ್ತೇನೆ. ಈ ಕೆಲಸದಲ್ಲಿ ಊಟ ಮಾಡುವವರು ಕೊಡಬೇಕು ಅನ್ನುವುದು ನನ್ನ ಮಾತು, ವಿದ್ಯಾರ್ಥಿಗಳಿಗೆ ಕಾದು ಓದಿದರೂ ನಡೆಯುತ್ತದೆ.

ಬಹಳ ಕಮಿಟ್‌ಗಳ ಕೆಳಗೆ ‘ಲಿಂಕ್’ ಅಂತ ಒಂದು ಸಾಲು ಇರುತ್ತದೆ. ಅದು ಲೋರ್ ಡಾಟ್ ಕರ್ನಲ್ ಡಾಟ್ ಆರ್ಗ್‌ಗೆ ಕರೆದೊಯ್ಯುತ್ತದೆ. ಆ ಬದಲಾವಣೆ ಬಗ್ಗೆ ನಡೆದ ಜಗಳ, ವಾದ ಎಲ್ಲ ಅಲ್ಲಿದೆ. ಸಂದೇಶದಲ್ಲಿ ಕಾರಣ ಅರ್ಥ ಆಗದಿದ್ದರೆ ಅಲ್ಲಿಗೆ ಹೋಗಿ.

ಎಐ ಚಾಟ್‌ಬಾಟ್‌ಗಳ ಬಗ್ಗೆ ಹುಡುಗರು ಕೇಳೇ ಕೇಳುತ್ತಾರೆ. ಬಳಸಿ, ಬೇಡ ಅನ್ನಲ್ಲ. ಆದರೆ ಅವು 2.6ರ ಕೋಡ್, 4ರ ಕೋಡ್, 6ರ ಕೋಡ್ ಎಲ್ಲ ಓದಿ ಕಲಿತಿರುತ್ತವೆ. ಒಂದೇ ಉತ್ತರದಲ್ಲಿ ಮೂರನ್ನೂ ಬೆರೆಸಿ ಕೊಡಬಹುದು, ಅದೂ ಪೂರ್ತಿ ಧೈರ್ಯದಿಂದ. ಯಾವ ಸಬ್‌ಸಿಸ್ಟಂ ನೋಡಬೇಕು, ಯಾವ ಹೆಸರು ಹುಡುಕಬೇಕು ಅಂತ ಕೇಳಲು ಅವು ಚೆನ್ನ. ಕೊಟ್ಟ ಹೆಸರನ್ನು ನಿಮ್ಮ ವರ್ಷನ್‌ನಲ್ಲಿ ‘ಗಿಟ್ ಗ್ರೆಪ್’ ಮಾಡಿ ಆಮೇಲೆ ನಂಬಿ.

ಲಿನಕ್ಸ್ ಬಿಟ್ಟು ಬೇರೆ ಕಡೆ ಇರುವವರಿಗೆ ಎರಡು ಮಾತು. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಲ್ಲಿ ಮ್ಯಾನ್ ಪೇಜ್‌ನ 9ನೇ ವಿಭಾಗ ಪೂರ್ತಿ ಕರ್ನಲ್ ಒಳಗಿನ ಫಂಕ್ಷನ್‌ಗಳದ್ದೇ. ಕೋಡ್ ಇರುವ ಸೋರ್ಸ್‌ನಲ್ಲೇ ಅವೂ ಇರುತ್ತವೆ. ನನಗಂತೂ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಲರ್ನ್‌ನ ಫಂಕ್ಷನ್ ಪೇಜ್‌ಗಳ ಕೊನೆಗೆ ಅವಶ್ಯಕತೆಗಳ ಪಟ್ಟಿ ಇರುತ್ತದೆ: ಯಾವ ವಿಂಡೋಸ್‌ನಿಂದ ಸಿಗುತ್ತದೆ, ಯಾವ ಐಆರ್‌ಕ್ಯುಎಲ್‌ನಲ್ಲಿ (ಇಂಟರಪ್ಟ್ ಮಟ್ಟದಲ್ಲಿ) ಕರೆಯಬೇಕು ಅಂತ. ಹುಡುಗರು ಸಾಮಾನ್ಯವಾಗಿ ಅಷ್ಟು ಕೆಳಗೆ ಸ್ಕ್ರಾಲ್ ಮಾಡುವುದೇ ಇಲ್ಲ.

ದಾಖಲೆಯೇ ತಪ್ಪಿದ್ದರೆ

ಇಷ್ಟೆಲ್ಲ ಮಾಡಿದ ಮೇಲೆ ಒಮ್ಮೊಮ್ಮೆ ಕೋಡ್ ಒಂದು ಹೇಳುತ್ತದೆ, ಡಾಕ್ಯುಮೆಂಟೇಷನ್ ಇನ್ನೊಂದು ಹೇಳುತ್ತದೆ. ಆಗ ಕೋಡನ್ನು ನಂಬಿ, ದಾಖಲೆಯನ್ನು ತಿದ್ದಿ. ಕರ್ನಲ್‌ಗೆ ಕಳಿಸುವ ಮೊದಲ ಪ್ಯಾಚ್‌ಗೆ (ತಿದ್ದುಪಡಿಗೆ) ಇದು ಒಳ್ಳೇ ಜಾಗ. ‘ಗೆಟ್_ಮೇಂಟೇನರ್’ ಸ್ಕ್ರಿಪ್ಟ್‌ಗೆ ನಿಮ್ಮ ಪ್ಯಾಚ್ ಕೊಡಿ, ಯಾರಿಗೆ, ಯಾವ ಮೇಲಿಂಗ್ ಲಿಸ್ಟ್‌ಗೆ ಕಳಿಸಬೇಕು ಅಂತ ಹೇಳುತ್ತದೆ. ಕಳಿಸುವ ಮೊದಲು ಆ ಫೋಲ್ಡರ್‌ಗೆ ಮಾತ್ರ ‘ಎಚ್‌ಟಿಎಂಎಲ್‌ಡಾಕ್ಸ್’ ಓಡಿಸಿ, ಹೊಸ ವಾರ್ನಿಂಗ್ ಬಂದಿಲ್ಲ ಅಂತ ನೋಡಿಕೊಳ್ಳಿ. ಸಂದೇಶದಲ್ಲಿ ಯಾವ ಕಮಿಟ್‌ನಿಂದ ದಾಖಲೆ ಹಳೇದಾಯಿತು ಅಂತ ಬರೆಯಿರಿ, ಅದನ್ನು ಹುಡುಕುವ ವಿಧಾನ ಮೇಲೆ ಹೇಳಿದ್ದೇನೆ. ಮೇಲ್ ಪ್ಲೇನ್ ಟೆಕ್ಸ್ಟ್ ಆಗಿರಲಿ. ‘ಗಿಟ್ ಸೆಂಡ್-ಇಮೇಲ್’ ಬಳಸಿದರೆ ಆ ಚಿಂತೆ ಇಲ್ಲ. ಮರ್ಜ್ ವಿಂಡೋ ನಡೆಯುತ್ತಿರುವಾಗ ಕಳಿಸಿದರೆ ಉತ್ತರ ತಡವಾಗುತ್ತದೆ. ಆರ್‌ಸಿ1 ಬಂದು ಒಂದು ವಾರ ಆದರೂ ಸುದ್ದಿ ಇಲ್ಲದಿದ್ದರೆ ಅದೇ ಥ್ರೆಡ್‌ನಲ್ಲಿ ಒಂದು ಸಾಲು ಬರೆದು ನೆನಪಿಸಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.